ಕಾಗದದ ತಟ್ಟೆ ಮತ್ತು ಹಬ್ಬದ ಬೆಲೆ: ಅಮೆರಿಕದ ಚಿಲ್ಲರೆ ವ್ಯಾಪಾರದ ಇತಿಹಾಸದಲ್ಲೊಂದು ವಿಚಾರ

ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ, ಬೇಡಿಕೆ ತಗ್ಗಿದರೆ ಬೆಲೆ ಇಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಹಬ್ಬದ ಹಿಂದಿನ ದಿನ ಪೇಟೆಗೆ ಹೋಗಿ ಬಂದವರು ಈ ಪಾಠವನ್ನು ಪುಸ್ತಕದಿಂದ ಕಲಿಯಬೇಕಾದುದಿಲ್ಲ. ವರಮಹಾಲಕ್ಷ್ಮಿ ವ್ರತ, ಗಣೇಶನ ಚೌತಿ, ಆಯುಧಪೂಜೆಗಳು ಸಮೀಪಿಸಿದಂತೆ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವು, ಬಾಳೆಕಂದು, ಬಾಳೆ ಎಲೆಗಳ ದರ ಏರುವುದು ವರ್ಷವರ್ಷವೂ ವೃತ್ತಪತ್ರಿಕೆಗಳಲ್ಲಿ ವರದಿಯಾಗುವ ಸಂಗತಿ. ಕೊಳ್ಳುವವರು ಗೊಣಗುತ್ತಾರೆ, ಆದರೂ ಕೊಳ್ಳುತ್ತಾರೆ. ಹಬ್ಬವೆಂದ ಮೇಲೆ ತುಟ್ಟಿ ಎಂಬ ಮಾತು ನಮ್ಮಲ್ಲಿ ಯಾರಿಗೂ ಆಶ್ಚರ್ಯವನ್ನುಂಟುಮಾಡುವುದಿಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೂಪರ್ ಮಾರ್ಕೆಟ್ಟುಗಳಲ್ಲಿ ಇದಕ್ಕೆ ಪ್ರತಿಕೂಲವಾದ ಒಂದು ವಾಡಿಕೆ ನೆಲೆಗೊಂಡಿದೆ. ಜುಲೈ ೪ ಆ ದೇಶದ ಸ್ವಾತಂತ್ರ್ಯದಿನ. ಅಂದು ಮನೆಯ ಹಿತ್ತಲಿನಲ್ಲಿಯೋ ಊರಿನ ಉದ್ಯಾನದಲ್ಲಿಯೋ ನಂಟರಿಷ್ಟರು ಕೂಡಿ ಉಣ್ಣುವುದು ಅಲ್ಲಿಯ ಪದ್ಧತಿ. ಆ ಊಟಕ್ಕೆ ಬೇಕಾದ ಕಾಗದದ ತಟ್ಟೆ, ಎಸೆಯುವ ಲೋಟ, ಚಮಚ, ಅಲ್ಯೂಮಿನಿಯಂ ಹಾಳೆಯ ತಟ್ಟೆ ಇವುಗಳ ಬೇಡಿಕೆ ಆ ವಾರದಲ್ಲಿ ಬಹಳವಾಗಿ ಏರುತ್ತದೆ. ಆದರೆ ಅದೇ ವಾರದಲ್ಲಿಯೇ ಆ ಸರಕುಗಳು ರಿಯಾಯಿತಿಯ ಜಾಹೀರಾತಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತವೆ. ಎಲ್ಲರಿಗೂ ಬೇಕಾದಾಗ ಬಾಳೆ ಎಲೆ ತುಟ್ಟಿಯಾಗುತ್ತದೆ, ಕಾಗದದ ತಟ್ಟೆ ಅಗ್ಗವಾಗುತ್ತದೆ. ಎರಡೂ ಒಂದು ಸಾರಿ ಉಂಡು ಎಸೆಯುವ ವಸ್ತುಗಳೇ. ಎರಡೂ ಹಬ್ಬದ ಊಟಕ್ಕೇ ಬೇಕಾದುವು. ಹೀಗಿರುವಲ್ಲಿ ಈ ಭೇದಕ್ಕೆ ಕಾರಣವೇನು?

ಈ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ. ಹಬ್ಬದ ಇಳಿಬೆಲೆಯು ವರ್ತಕನ ಔದಾರ್ಯವಲ್ಲ, ಪ್ರಕೃತಿನಿಯಮವೂ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಒಂದು ಸಂಸ್ಥೆಯ ಫಲ ಎಂಬುದೇ ನಮ್ಮ ಅಭಿಪ್ರಾಯ. ಬೆಲೆಯನ್ನು ಚರಿತ್ರೆಯ ಆಧಾರವಾಗಿ ಓದುವ ವಿದ್ಯಾರ್ಥಿಗೆ ಇದರಿಂದ ಒಂದು ಎಚ್ಚರಿಕೆಯೂ ದೊರೆಯುತ್ತದೆ.

೧. ಎಂಜಲು ಮತ್ತು ಕ್ರಿಮಿ

ಒಮ್ಮೆ ಬಳಸಿ ಎಸೆಯುವ ಪಾತ್ರೆ ಆಧುನಿಕ ಯುಗದ ಸೃಷ್ಟಿ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಬಾಳೆ ಎಲೆ, ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೆಣೆದ ಇಸ್ತ್ರಿ ಎಲೆ, ಉತ್ತರ ಕರ್ನಾಟಕದವರು ಹೇಳುವ ಪತ್ರಾವಳಿ, ಅಡಿಕೆಯ ಹಾಳೆಯ ದೊನ್ನೆ ಇವೆಲ್ಲವೂ ಒಂದೇ ಊಟಕ್ಕಾಗಿ ಇರತಕ್ಕ ಪಾತ್ರೆಗಳು. ಇವುಗಳನ್ನು ಎಸೆಯುವುದಕ್ಕೆ ಕಾರಣ ಅಗ್ಗವಾಗಿರುವುದು ಮಾತ್ರವಲ್ಲ. ಉಂಡ ಎಲೆ ಎಂಜಲಾಯಿತು. ಎಂಜಲಾದುದನ್ನು ಇನ್ನೊಬ್ಬರ ಮುಂದೆ ಇಡಲಾಗದು. ಮಡಿಮೈಲಿಗೆಯ ಈ ಭಾವನೆಯೇ ಒಂದೇ ಬಳಕೆಯ ಪಾತ್ರೆಗೆ ಸಮಾಜದಲ್ಲಿ ಸ್ಥಾನವನ್ನು ಕೊಟ್ಟಿತು. ಪಂಕ್ತಿಭೇದವನ್ನು ಕಾಪಾಡುವುದಕ್ಕೂ ಅದೇ ಎಲೆ ಅನುಕೂಲವಾಯಿತೆಂಬುದನ್ನು ಇಲ್ಲಿ ಮರೆಯಬಾರದು.

ಅಮೆರಿಕದಲ್ಲಿ ಎಂಜಲಿನ ಸ್ಥಾನವನ್ನು ಕ್ರಿಮಿಯು ಆಕ್ರಮಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಲ್ಲಿಯ ರೈಲುಗಳಲ್ಲಿ, ಶಾಲೆಗಳಲ್ಲಿ, ಸಾರ್ವಜನಿಕ ನಲ್ಲಿಗಳ ಬಳಿ ತಗಡಿನ ಒಂದು ಲೋಟವನ್ನು ತೂಗುಹಾಕಿ ಇಡುತ್ತಿದ್ದರು. ಬಂದವರೆಲ್ಲರೂ ಅದರಲ್ಲಿಯೇ ನೀರು ಕುಡಿಯುತ್ತಿದ್ದರು. ೧೮೮೨ರಲ್ಲಿ ರಾಬರ್ಟ್ ಕೋಖ್ ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದುದರ ತರುವಾಯ ಈ ಪದ್ಧತಿಯ ಮೇಲೆ ವೈದ್ಯರ ಕಣ್ಣು ಬಿದ್ದಿತು. ೧೯೦೮ರಲ್ಲಿ ಪೆನ್ಸಿಲ್ವೇನಿಯದ ಈಸ್ಟನ್ ನಗರದ ಲಾಫಯೆಟ್ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕ ಆಲ್ವಿನ್ ಡೇವಿಸನ್ ಶಾಲೆಯ ಲೋಟಗಳ ಮೇಲಿನ ಕ್ರಿಮಿಗಳನ್ನು ಕುರಿತು ಬರೆದ ಲೇಖನ ಜನರಲ್ಲಿ ಭಯವನ್ನು ಬಿತ್ತಿತು. ಮರುವರ್ಷ, ೧೯೦೯ರಲ್ಲಿ, ಕಾನ್ಸಾಸ್ ಸಂಸ್ಥಾನದಲ್ಲಿ ಆರೋಗ್ಯ ಮಂಡಲಿಯ ಕಾರ್ಯದರ್ಶಿ ಸ್ಯಾಮ್ಯುಯಲ್ ಕ್ರಂಬೈನನ ಪ್ರಯತ್ನದಿಂದ ರೈಲು ಮತ್ತು ಶಾಲೆಗಳಲ್ಲಿ ಸಾಮಾನ್ಯ ಲೋಟವು ನಿಷಿದ್ಧವಾಯಿತು. ಇತರ ಸಂಸ್ಥಾನಗಳು ಅದೇ ಹಾದಿಯನ್ನು ಹಿಡಿದುವು.

ಬಾಸ್ಟನ್ನಿನ ವಕೀಲ ಲಾರೆನ್ಸ್ ಲುಯೆಲನ್ ೧೯೦೭ರಲ್ಲಿ ರೂಪಿಸಿದ ಕಾಗದದ ಲೋಟಕ್ಕೆ ಈ ಕಾನೂನುಗಳೇ ಗಿರಾಕಿಗಳನ್ನು ಒದಗಿಸಿದುವೆನ್ನಬಹುದು. ಅವನೂ ಅವನ ಪಾಲುದಾರ ಹ್ಯೂ ಮೂರ್ ಎಂಬವನೂ ಮೊದಲು ಮಾರಹೊರಟದ್ದು ಲೋಟವನ್ನಲ್ಲ, ತಣ್ಣೀರನ್ನು. ಯಂತ್ರಕ್ಕೆ ಒಂದು ಸೆಂಟಿನ ನಾಣ್ಯ ಹಾಕಿದರೆ ಲೋಟದೊಂದಿಗೆ ನೀರು ಬರುತ್ತಿದ್ದಿತು. ನಿಷೇಧಗಳು ಹಬ್ಬಿದಂತೆ ನೀರಿಗಿಂತ ಲೋಟವೇ ಮುಖ್ಯವಾಯಿತು. ೧೯೧೨ರಲ್ಲಿ ಅದಕ್ಕೆ 'ಹೆಲ್ತ್ ಕಪ್', ಎಂದರೆ ಆರೋಗ್ಯದ ಲೋಟ ಎಂದು ಹೆಸರಿಟ್ಟರು. ೧೯೧೯ರಲ್ಲಿ ಅದು 'ಡಿಕ್ಸಿ ಕಪ್' ಆಯಿತು. ಇದೇ ಕಾಲದಲ್ಲಿ ಮೇನ್ ಸಂಸ್ಥಾನದಲ್ಲಿ ಮಾರ್ಟಿನ್ ಕೀಸ್ ಎಂಬವನು ಮರದ ತಿರುಳನ್ನು ಅಚ್ಚಿನಲ್ಲಿ ಒತ್ತಿ ತಟ್ಟೆಗಳನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದನು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಮೊದಲ ಘಟ್ಟದಲ್ಲಿ ಎಸೆಯುವ ಲೋಟದ ಪರವಾಗಿ ಹೇಳುತ್ತಿದ್ದ ಮಾತು ಅಗ್ಗ ಎಂಬುದಲ್ಲ, ನಿರ್ಮಲ ಎಂಬುದು. ಎರಡನೆಯ ಮಹಾಯುದ್ಧದ ಅನಂತರ ಈ ಮಾತು ಬದಲಾಯಿತು. ೧೯೫೫ರ ಆಗಸ್ಟ್ ೧ರ 'ಲೈಫ್' ಪತ್ರಿಕೆಯಲ್ಲಿ ಒಂದು ಕುಟುಂಬವು ತಟ್ಟೆ, ಲೋಟ, ಚಮಚಗಳನ್ನು ಗಾಳಿಯಲ್ಲಿ ತೂರುತ್ತಿರುವ ಚಿತ್ರ ಪ್ರಕಟವಾಯಿತು. ಆ ವಸ್ತುಗಳನ್ನೆಲ್ಲ ತೊಳೆಯುವುದಾದರೆ ಗೃಹಿಣಿಗೆ ೪೦ ಗಂಟೆ ಹಿಡಿಯುತ್ತಿತ್ತು, ಎಸೆಯುವುದರಿಂದ ಆ ಶ್ರಮ ಉಳಿಯಿತು ಎಂಬುದು ಅದರ ತಾತ್ಪರ್ಯ. ೧೯೬೦ರಲ್ಲಿ ಮಿಶಿಗನ್ ಸಂಸ್ಥಾನದ ಡಾರ್ಟ್ ಕಂಪನಿ ಪಾಲಿಸ್ಟೈರೀನ್ ನೊರೆಯ ಲೋಟಗಳನ್ನು ಪೇಟೆಗೆ ಕಳುಹಿಸಿತು. ಆರೋಗ್ಯದ ಸಾಧನವಾಗಿ ಹುಟ್ಟಿದುದು ಅರ್ಧ ಶತಮಾನದೊಳಗೆ ಬಿಡುವಿನ ಸಾಧನವಾಯಿತು. ಬಿಡುವೆಂದರೆ ರಜೆ, ರಜೆಯೆಂದರೆ ಹಬ್ಬ. ಹೀಗೆ ಕಾಗದದ ತಟ್ಟೆಗೆ ಪಂಚಾಂಗದ ಸಂಬಂಧ ಒದಗಿತು.

೨. ಗಿರಾಕಿಯೇ ಕೈಚಾಚಿ ತೆಗೆದುಕೊಳ್ಳುವ ಅಂಗಡಿ

ತಟ್ಟೆಯ ಕಥೆಯಷ್ಟೇ ಅಂಗಡಿಯ ಕಥೆಯೂ ಮುಖ್ಯ. ೧೯೧೬ರ ಸೆಪ್ಟೆಂಬರ್ ೬ರಂದು ಟೆನೆಸೀ ಸಂಸ್ಥಾನದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸನು 'ಪಿಗ್ಲಿ ವಿಗ್ಲಿ' ಎಂಬ ಅಂಗಡಿಯನ್ನು ತೆರೆದನು. ಅದಕ್ಕೆ ಮೊದಲು ದಿನಸಿ ಅಂಗಡಿಯೆಂದರೆ ಗಿರಾಕಿ ಕಟ್ಟೆಯ ಈಚೆ, ಗುಮಾಸ್ತ ಕಟ್ಟೆಯ ಆಚೆ. ಗಿರಾಕಿ ಕೇಳಿದುದನ್ನು ಗುಮಾಸ್ತ ತೆಗೆದು, ತೂಗಿ, ಕಟ್ಟಿ ಕೊಡುತ್ತಿದ್ದನು. ಸಾಂಡರ್ಸನ ಅಂಗಡಿಯಲ್ಲಿ ಸರಕುಗಳ ಮೇಲೆ ಬೆಲೆ ಬರೆದಿದ್ದಿತು. ಗಿರಾಕಿಯೇ ಸಾಲುಗಳ ನಡುವೆ ನಡೆದು ತನಗೆ ಬೇಕಾದುದನ್ನು ಬುಟ್ಟಿಗೆ ಹಾಕಿಕೊಂಡು ಕೊನೆಯಲ್ಲಿ ಹಣ ತೆರಬೇಕು. ಕೇಳಲು ಬಂದ ಸರಕಿನ ಜೊತೆಗೆ ಕೇಳದ ಸರಕೂ ಕಣ್ಣಿಗೆ ಬೀಳತೊಡಗಿತು. ೧೯೩೭ರಲ್ಲಿ ಓಕ್ಲಹೋಮ ನಗರದ ಸಿಲ್ವನ್ ಗೋಲ್ಡ್‌ಮನ್ ಚಕ್ರದ ತಳ್ಳುಬುಟ್ಟಿಯನ್ನು ಬಳಕೆಗೆ ತಂದುದರಿಂದ ಕೈಯ ಭಾರದ ಮಿತಿಯೂ ಹೋಯಿತು.

ಈ ಅಂಗಡಿಗೆ ಹೊಸ ಬೆಲೆಯ ಲೆಕ್ಕವನ್ನು ಕೊಟ್ಟವನು ಮೈಕೇಲ್ ಕಲನ್. ಇವನು ಕ್ರೋಗರ್ ಎಂಬ ದಿನಸಿ ಅಂಗಡಿಗಳ ಸಮೂಹದ ನೌಕರನಾಗಿದ್ದು, ದೊಡ್ಡ ಅಂಗಡಿಯೊಂದರ ಯೋಜನೆಯನ್ನು ಮೇಲಧಿಕಾರಿಗಳಿಗೆ ಪತ್ರಮುಖೇನ ನಿವೇದಿಸಿದನು. ಅವರು ಅದನ್ನು ಲೆಕ್ಕಿಸಲಿಲ್ಲ. ಆಗ ಅವನು ಕೆಲಸ ಬಿಟ್ಟು ೧೯೩೦ರ ಆಗಸ್ಟ್ ೪ರಂದು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ, ಹಿಂದೆ ಮೋಟಾರು ನಿಲ್ಲಿಸುತ್ತಿದ್ದ ಕಟ್ಟಡವೊಂದರಲ್ಲಿ, 'ಕಿಂಗ್ ಕಲನ್' ಎಂಬ ಅಂಗಡಿಯನ್ನು ತಾನೇ ತೆರೆದನು. ಜಗತ್ತಿನ ಮೊದಲ ಸೂಪರ್ ಮಾರ್ಕೆಟ್ ಎಂದು ಇದನ್ನು ಅನೇಕರು ಎಣಿಸುತ್ತಾರೆ.

ಕಲನ್ನನ ಪತ್ರದ ಲೆಕ್ಕ ಹೀಗಿದೆ: ೩೦೦ ಸರಕುಗಳನ್ನು ಅಸಲಿಗೇ ಮಾರುವುದು, ೨೦೦ ಸರಕುಗಳನ್ನು ಅಸಲಿನ ಮೇಲೆ ಶೇಕಡ ೫ಕ್ಕೆ, ೩೦೦ನ್ನು ಶೇಕಡ ೧೫ಕ್ಕೆ, ಇನ್ನೂ ೩೦೦ನ್ನು ಶೇಕಡ ೨೦ಕ್ಕೆ. ಒಟ್ಟು ೧,೧೦೦ ಸರಕುಗಳಲ್ಲಿ ನಾಲ್ಕನೆಯ ಒಂದಂಶಕ್ಕಿಂತ ಹೆಚ್ಚಿನವುಗಳಲ್ಲಿ ವರ್ತಕನಿಗೆ ಚಿಕ್ಕಾಸಿನ ಲಾಭವೂ ಇಲ್ಲ. ಹಳೆಯ ವರ್ತಕನು ಪ್ರತಿಯೊಂದು ಸರಕಿಗೂ ಪ್ರತ್ಯೇಕವಾಗಿ ಲಾಭವನ್ನು ಹಾಕುತ್ತಿದ್ದನು. ಕಲನ್ ಲಾಭವನ್ನು ಹಾಕಿದುದು ಸರಕಿಗಲ್ಲ, ಬುಟ್ಟಿಗೆ. ಈ ಒಂದು ವ್ಯತ್ಯಾಸವನ್ನು ಗ್ರಹಿಸಿದರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಅಸಲಿಗೋ ಅಸಲಿಗಿಂತ ಕಡಮೆಗೋ ಮಾರಿ ಗಿರಾಕಿಯನ್ನು ಬಾಗಿಲೊಳಗೆ ಬರಮಾಡುವ ಇಂಥ ಸರಕನ್ನು ಅಲ್ಲಿಯವರು 'ಲಾಸ್ ಲೀಡರ್' ಎಂದು ಕರೆಯುತ್ತಾರೆ. ನಾವು ಅದನ್ನು ಸೆಳೆಸರಕು ಎನ್ನೋಣ. ಯಾವ ಸರಕು ಸೆಳೆಸರಕಾಗಬಲ್ಲುದು? ಅದರ ವಾಡಿಕೆಯ ಬೆಲೆ ಎಲ್ಲರಿಗೂ ತಿಳಿದಿರಬೇಕು. ಜಾಹೀರಾತಿನ ಒಂದು ಸಾಲಿನಲ್ಲಿ ಅದನ್ನು ಹೇಳಲು ಬರಬೇಕು. ಅದನ್ನು ಕೊಳ್ಳಲು ಬಂದವರು ಬೇರೆಯದನ್ನೂ ಕೊಳ್ಳುವಂತಿರಬೇಕು. ನೂರು ಕಾಗದದ ತಟ್ಟೆಗಳ ಕಟ್ಟು ಹಬ್ಬದ ವಾರದಲ್ಲಿ ಈ ಮೂರು ಲಕ್ಷಣಗಳನ್ನೂ ಪಡೆಯುತ್ತದೆ. ತಟ್ಟೆಯನ್ನು ಮಾತ್ರ ಕೊಂಡು ಯಾರೂ ಹಬ್ಬ ಮಾಡುವುದಿಲ್ಲ.

ಸಣ್ಣ ವರ್ತಕರು ಇದನ್ನು ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ. ಬುಟ್ಟಿಯ ಲಾಭದಿಂದ ಸೆಳೆಸರಕಿನ ನಷ್ಟವನ್ನು ತುಂಬಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅವರ ಕೂಗಿನ ಫಲವಾಗಿ ೧೯೩೬ರಲ್ಲಿ ರಾಬಿನ್ಸನ್-ಪ್ಯಾಟ್ಮನ್ ಶಾಸನವೂ, ೧೯೩೭ರಲ್ಲಿ ಮಿಲರ್-ಟೈಡಿಂಗ್ಸ್ ಶಾಸನವೂ ಬಂದುವು. ಮೊದಲನೆಯದು ಒಂದೇ ಸರಕನ್ನು ದೊಡ್ಡ ಅಂಗಡಿಗೆ ಒಂದು ದರಕ್ಕೂ ಸಣ್ಣ ಅಂಗಡಿಗೆ ಇನ್ನೊಂದು ದರಕ್ಕೂ ಕೊಡುವುದನ್ನು ತಡೆಯಲೆಳಸಿತು. ಎರಡನೆಯದು ತಯಾರಕನು ಕನಿಷ್ಠ ಮಾರಾಟಬೆಲೆಯನ್ನು ಗೊತ್ತುಮಾಡಲು ಅವಕಾಶವಿತ್ತಿತು. ವಿಸ್ಕಾನ್ಸಿನ್ ಮೊದಲಾದ ಕೆಲವು ಸಂಸ್ಥಾನಗಳು ಅಸಲಿಗಿಂತ ಕೆಳಗೆ ಮಾರುವುದನ್ನೇ ನಿಷೇಧಿಸಿದುವು. ಮಿಲರ್-ಟೈಡಿಂಗ್ಸ್ ಶಾಸನ ೧೯೭೫ರಲ್ಲಿ ರದ್ದಾಯಿತು. ಅಗ್ಗದ ಬೆಲೆಯನ್ನು ಕಾನೂನಿನಿಂದ ತಡೆಯಬೇಕೆಂದು ಜನ ಹೋರಾಡಿದರೆಂಬುದು ಇಂದು ವಿಚಿತ್ರವಾಗಿ ತೋರಬಹುದು. ಆದರೆ ಅವರಿಗೆ ಅದು ಅಂಗಡಿಯ ಬಾಗಿಲು ತೆರೆದಿರುವುದೋ ಮುಚ್ಚುವುದೋ ಎಂಬ ಪ್ರಶ್ನೆಯಾಗಿದ್ದಿತು.

೩. ಪಂಚಾಂಗವೂ ಪೇಟೆಯೂ

ಅಮೆರಿಕದ ಹಬ್ಬಗಳ ಪಂಚಾಂಗವು ಪೇಟೆಯ ಪ್ರಭಾವಕ್ಕೆ ಹೊರತಾದುದಲ್ಲ. ನವೆಂಬರಿನ ಕೊನೆಯ ಗುರುವಾರ ನಡೆಯುತ್ತಿದ್ದ ಕೃತಜ್ಞತಾ ಹಬ್ಬವನ್ನು ೧೯೩೯ರಲ್ಲಿ ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟ್ ಒಂದು ವಾರ ಹಿಂದಕ್ಕೆ ತಂದನು. ಕ್ರಿಸ್ಮಸ್ ವ್ಯಾಪಾರಕ್ಕೆ ಹೆಚ್ಚು ದಿನ ದೊರೆಯಲೆಂಬ ವರ್ತಕರ ಬೇಡಿಕೆಯೇ ಇದಕ್ಕೆ ಕಾರಣ. ಅನೇಕ ಸಂಸ್ಥಾನಗಳು ಇದನ್ನು ಒಪ್ಪದೆ ಎರಡು ವರ್ಷ ಗೊಂದಲ ನಡೆದು, ೧೯೪೧ರಲ್ಲಿ ನವೆಂಬರಿನ ನಾಲ್ಕನೆಯ ಗುರುವಾರವೆಂದು ಶಾಸನವಾಯಿತು. ೧೯೬೮ರ ಮತ್ತೊಂದು ಶಾಸನದಂತೆ ಮೃತಯೋಧರ ಸ್ಮರಣೆಯ ದಿನವು ೧೯೭೧ರಿಂದ ಮೇ ೩೦ರ ಬದಲು ಮೇ ತಿಂಗಳ ಕೊನೆಯ ಸೋಮವಾರಕ್ಕೆ ಬಂದಿತು. ಶನಿವಾರ, ಭಾನುವಾರಗಳಿಗೆ ಸೋಮವಾರ ಕೂಡಿ ಮೂರು ದಿನದ ರಜೆಯಾಯಿತು. ಆ ದಿನದಿಂದ ಜುಲೈ ೪ರ ಮೂಲಕ ಸೆಪ್ಟೆಂಬರಿನ ಮೊದಲ ಸೋಮವಾರದ ಕಾರ್ಮಿಕ ದಿನದವರೆಗೆ ಬೇಸಗೆಯ ಹಿತ್ತಲೂಟದ ಋತು. ತಟ್ಟೆ, ಲೋಟ, ಇದ್ದಲು, ರೊಟ್ಟಿ, ಪಾನಕಗಳ ಜಾಹೀರಾತಿನ ಋತುವೂ ಅದೇ.

ಈ ಋತುವಿನ ಇಳಿಬೆಲೆಯಲ್ಲಿ ಎರಡು ಬಗೆಗಳಿವೆ. ಇವನ್ನು ಬೇರೆಬೇರೆಯಾಗಿ ಕಾಣದಿದ್ದರೆ ವಿಚಾರ ಕಲಸಿಹೋಗುತ್ತದೆ. ಮೊದಲನೆಯದು ಹಬ್ಬಕ್ಕೆ ಮುಂಚಿನ ಇಳಿತ. ಇದು ಬಿಳಿಯ ಸಾದಾ ತಟ್ಟೆಗಳದು, ಮೇಲೆ ಹೇಳಿದ ಸೆಳೆಸರಕಿನದು. ಎರಡನೆಯದು ಹಬ್ಬದ ಮಾರನೆಯ ದಿನದ ಇಳಿತ. ಇದು ಧ್ವಜದ ಕೆಂಪು, ಬಿಳಿ, ನೀಲಿ ಬಣ್ಣಗಳನ್ನೋ ಕ್ರಿಸ್ಮಸ್ ಮರವನ್ನೋ ಅಚ್ಚುಹಾಕಿದ ತಟ್ಟೆಗಳದು. ಕಾಗದದ ತಟ್ಟೆ ಸ್ವಭಾವತಃ ಕೆಡುವುದಿಲ್ಲ. ಒಣಗಿದ ಕೋಣೆಯಲ್ಲಿಟ್ಟರೆ ವರ್ಷಗಳವರೆಗೂ ಉಳಿದೀತು. ಆದರೆ ಅದರ ಮೇಲೆ ಹಬ್ಬದ ಚಿತ್ರ ಅಚ್ಚಾದೊಡನೆ ಅದಕ್ಕೆ ಆಯುಷ್ಯ ನಿಗದಿಯಾಗುತ್ತದೆ. ಜುಲೈ ೫ರಂದು ಧ್ವಜದ ತಟ್ಟೆ ಹಬ್ಬ ಕಳೆದ ಮೇಲಿನ ಬಾಳೆ ಎಲೆಯಂತೆ ಬಾಡಿಹೋಗುತ್ತದೆ. ಉಳಿದುದನ್ನು ಮುಂದಿನ ವರ್ಷದವರೆಗೆ ಕೂಡಿಡುವ ಬಾಡಿಗೆಗಿಂತ ಅರ್ಧ ಬೆಲೆಗೆ ಸಾಗಹಾಕುವುದೇ ವರ್ತಕನಿಗೆ ಮೇಲು. ಕೆಡದ ವಸ್ತುವಿಗೆ ಕೆಡುವ ಗುಣವನ್ನು ಕೃತಕವಾಗಿ ಆರೋಪಿಸಿ, ಅದರಿಂದ ಹಬ್ಬದ ಮುಂಚೆ ಪೂರ್ತಿ ಬೆಲೆಯನ್ನು ಪಡೆಯುವುದು ಈ ಉದ್ಯಮದ ಒಂದು ಜಾಣ್ಮೆ. ಅದೇ ಸಾಲಿನಲ್ಲಿ ಸಾದಾ ತಟ್ಟೆ ಅಗ್ಗ, ಚಿತ್ರದ ತಟ್ಟೆ ತುಟ್ಟಿ. ಒಂದು ಗಿರಾಕಿಯನ್ನು ಕರೆಯುತ್ತದೆ, ಇನ್ನೊಂದು ಲಾಭವನ್ನು ತರುತ್ತದೆ.

೪. ಇಳಿತದ ಕಾರಣ: ವಿದ್ವಾಂಸರ ವಾದಗಳು

ಬೇಡಿಕೆಯ ಶಿಖರದಲ್ಲಿ ಬೆಲೆ ಇಳಿಯುವುದನ್ನು ಅರ್ಥಶಾಸ್ತ್ರಜ್ಞರು ಮೂರು ಬಗೆಯಾಗಿ ವಿವರಿಸಿದ್ದಾರೆ. ೧೯೮೬ರಲ್ಲಿ ರೋಟೆಂಬರ್ಗ್ ಮತ್ತು ಸಲೋನರ್ ಹೇಳಿದಂತೆ, ವ್ಯಾಪಾರ ಭರದಿಂದ ನಡೆಯುವಾಗ ಪ್ರತಿಸ್ಪರ್ಧಿಯ ಗಿರಾಕಿಗಳನ್ನು ಸೆಳೆದುಕೊಳ್ಳುವ ಆಸೆ ಪ್ರಬಲವಾಗಿ, ವರ್ತಕರ ನಡುವಣ ಮೌನ ಒಪ್ಪಂದ ಮುರಿಯುತ್ತದೆ. ೧೯೯೫ರಲ್ಲಿ ವಾರ್ನರ್ ಮತ್ತು ಬಾರ್ಸ್ಕಿ ಮಂಡಿಸಿದ ವಾದದಂತೆ, ಹೆಚ್ಚು ಕೊಳ್ಳುವಾಗ ಗಿರಾಕಿಯು ನಾಲ್ಕು ಅಂಗಡಿ ಸುತ್ತಿ ಬೆಲೆ ವಿಚಾರಿಸುತ್ತಾನೆ. ಆದಕಾರಣ ವರ್ತಕರು ಬೆಲೆ ತಗ್ಗಿಸಬೇಕಾಗುತ್ತದೆ. ಮೂರನೆಯದು ಸೆಳೆಸರಕಿನ ವಾದ.

ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಪರೀಕ್ಷಿಸಲು ಬೆಲೆಗಳ ಸವಿವರವಾದ ದಾಖಲೆ ಬೇಕು. ೧೯೭೪ರ ಜೂನ್ ೨೬ರಂದು ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಪಟ್ಟೆಗೆರೆಗಳ ಗುರುತನ್ನು ಯಂತ್ರವು ಮೊದಲ ಬಾರಿಗೆ ಓದಿತು. ಅಂದಿನಿಂದ ಒಂದೊಂದು ಮಾರಾಟವೂ ದಾಖಲೆಯಾಗುವ ಮಾರ್ಗ ತೆರೆಯಿತು. ಚಿಕಾಗೋ ನಗರದ ಡಾಮಿನಿಕ್ಸ್ ಅಂಗಡಿಗಳ ಇಂಥ ದಾಖಲೆಗಳನ್ನು ಆಧಾರವಾಗಿಟ್ಟುಕೊಂಡು ಶೆವಲಿಯರ್, ಕಶ್ಯಪ್, ರಾಸ್ಸಿ ಎಂಬ ಮೂವರು ವಿದ್ವಾಂಸರು ೨೦೦೩ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದು ಸರಕಿಗೆ ಬೇಡಿಕೆ ಏರುವ ಕಾಲದಲ್ಲಿಯೇ ಅದರ ಬೆಲೆ ಇಳಿಯುವುದು ಸಾಮಾನ್ಯವೆಂದು ಅವರು ಕಂಡುಕೊಂಡರು. ಇದಕ್ಕಿಂತ ಮಹತ್ತ್ವದ ಸಾಕ್ಷ್ಯವೊಂದು ಅದರಲ್ಲಿದೆ. ಈಸ್ಟರಿಗೆ ಮುಂಚಿನ ಕ್ರೈಸ್ತ ಉಪವಾಸಕಾಲದಲ್ಲಿ ಮಾಂಸವನ್ನು ಬಿಟ್ಟು ಮೀನು ತಿನ್ನುವವರು ಹೆಚ್ಚು; ಡಬ್ಬಿಯ ಟ್ಯೂನ ಮೀನಿಗೆ ಬೇಡಿಕೆ ಏರುತ್ತದೆ. ಆದರೆ ಅದು ಒಟ್ಟು ವ್ಯಾಪಾರ ಉಕ್ಕುವ ಕಾಲವೇನಲ್ಲ. ಮೊದಲ ಎರಡು ವಾದಗಳಂತೆ ಆಗ ಬೆಲೆ ಇಳಿಯಲು ಕಾರಣವಿಲ್ಲ. ಆದರೂ ಟ್ಯೂನದ ಬೆಲೆ ಇಳಿಯುತ್ತದೆ. ಆದುದರಿಂದ ಸೆಳೆಸರಕಿನ ವಾದವೇ ಹೆಚ್ಚು ಸಂಗತವೆಂದು ಅವರು ನಿರ್ಣಯಿಸಿದರು.

ಈ ನಿರ್ಣಯಕ್ಕೆ ಆಕ್ಷೇಪವೂ ಬಂದಿದೆ. ನೀವೋ ಮತ್ತು ಹಾಟ್ಸಿಟಾಸ್ಕೋಸ್ ಎಂಬವರು ಅದೇ ದಾಖಲೆಗಳನ್ನು ಮರುಪರಿಶೀಲಿಸಿ, ಬೇಡಿಕೆಯ ಕಾಲದಲ್ಲಿ ಜನರು ಅಗ್ಗದ ಗುರುತಿನ ಸರಕುಗಳ ಕಡೆಗೆ ಸರಿಯುವುದರಿಂದಲೂ ಸರಾಸರಿ ಬೆಲೆ ಇಳಿದಂತೆ ತೋರಬಹುದೆಂದು ಎತ್ತಿ ತೋರಿಸಿದರು. ನೂರು ಜನ ಅತಿಥಿಗಳಿಗೆ ಬಡಿಸುವವನು ದಪ್ಪನೆಯ ತಟ್ಟೆಗಿಂತ ತೆಳುವಾದ ತಟ್ಟೆಯನ್ನೇ ಆರಿಸುವುದು ಸಹಜವಷ್ಟೆ. ಚಿಕಾಗೋವಿನ ಆ ಪಟ್ಟಿಯಲ್ಲಿ ಕಾಗದದ ತಟ್ಟೆ ಸೇರಿರಲಿಲ್ಲವೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಆದುದರಿಂದ ತಟ್ಟೆಯ ವಿಷಯದಲ್ಲಿ ನಾವು ಮಾಡುತ್ತಿರುವುದು ಅನುಮಾನಪ್ರಮಾಣ. ಆದರೆ ಅದು ಬಲವಾದ ಅನುಮಾನ. ಏಕೆಂದರೆ ಕಲನ್ನನ ೧೯೩೦ರ ಲೆಕ್ಕವೂ, ಹಬ್ಬದ ವಾರದ ಜಾಹೀರಾತುಗಳೂ, ಚಿಕಾಗೋವಿನ ದಾಖಲೆಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

೫. ಎಲೆಯ ಪೇಟೆಯೊಡನೆ ಹೋಲಿಕೆ

ಈಗ ನಮ್ಮ ಎಲೆಯ ಪೇಟೆಗೆ ಹಿಂದಿರುಗೋಣ. ಬಾಳೆ ಎಲೆಯ ಬೆಲೆ ಹಬ್ಬದಲ್ಲಿ ಏರುವುದಕ್ಕೆ ಕಾರಣ ಅದು ಕೆಡುವ ವಸ್ತುವಾಗಿರುವುದು ಎಂದು ಹೇಳುವುದುಂಟು. ಕೊಯ್ದ ಎಲೆ ಕೆಲವೇ ದಿನಗಳಲ್ಲಿ ಬಾಡುತ್ತದೆ, ಅಂಚು ಸೀಳುತ್ತದೆ. ಹಬ್ಬಕ್ಕೆಂದು ತಿಂಗಳ ಮುಂಚೆ ಕೂಡಿಡಲಾಗದು. ತೋಟದಲ್ಲಿ ಇರುವಷ್ಟೇ ಎಲೆ. ಬೇಡಿಕೆ ನಾಲ್ಕು ಪಾಲಾದರೆ ಬಾಳೆ ನಾಲ್ಕು ಪಾಲು ಎಲೆ ಬಿಡುವುದಿಲ್ಲ. ಕಾರ್ಖಾನೆಯು ಚಳಿಗಾಲದಲ್ಲಿಯೇ ಬೇಸಗೆಯ ತಟ್ಟೆಗಳನ್ನು ಒತ್ತಿ ಗೋದಾಮಿನಲ್ಲಿಡಬಲ್ಲುದು. ಈ ವಿವರಣೆ ನಿಜ, ಆದರೆ ಅಪೂರ್ಣ.

ಅಪೂರ್ಣವೆಂಬುದನ್ನು ಮುತ್ತುಗದ ಎಲೆ ತೋರಿಸಿಕೊಡುತ್ತದೆ. ಕಾಡಂಚಿನ ಊರುಗಳಲ್ಲಿ ಬಲಿತ ಎಲೆಗಳನ್ನು ಕೊಯ್ದು ತಂದು, ಹೆಚ್ಚಾಗಿ ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಸಣ್ಣ ಕಡ್ಡಿಗಳಿಂದ ಒಂದಕ್ಕೊಂದು ಹೆಣೆದು, ಒತ್ತಿ, ಒಣಗಿಸಿ ಕಟ್ಟು ಕಟ್ಟುತ್ತಾರೆ. ಒಣಗಿದ ಈ ಇಸ್ತ್ರಿ ಎಲೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಬಡಿಸುವ ಮುನ್ನ ನೀರು ಚಿಮುಕಿಸಿದರೆ ಸಾಕು. ಹೀಗೆ ಕೂಡಿಡುವುದಕ್ಕೆ ಇದು ಕಾಗದದ ತಟ್ಟೆಗೆ ತಕ್ಕಮಟ್ಟಿಗೆ ಸಮಾನ. ಆದರೂ ಇದು ಎಂದೂ ಸೆಳೆಸರಕಾಗಲಿಲ್ಲ. ಏಕೆ? ಇದನ್ನು ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಅರಿಸಿನ, ಕುಂಕುಮ, ಕರ್ಪೂರ, ಊದುಬತ್ತಿ ಮುಂತಾದ ಇತರ ಸರಕುಗಳು ಇಲ್ಲದೆ ಇಲ್ಲ. ಆದರೆ ಗಿರಾಕಿ ಕಟ್ಟೆಯ ಈಚೆ ನಿಂತು ಚೀಟಿ ಓದುತ್ತಾನೆ, ಅಂಗಡಿಯವನು ತೆಗೆದುಕೊಡುತ್ತಾನೆ. ಬೆಲೆಯನ್ನು ಕೇಳಿ ತಿಳಿಯಬೇಕು, ಪತ್ರಿಕೆಯಲ್ಲಿ ಜಾಹೀರಾತಿಲ್ಲ, ಚೀಟಿಯಲ್ಲಿ ಇಲ್ಲದ ಸರಕು ಬುಟ್ಟಿಗೆ ಬೀಳುವುದು ಅಪರೂಪ. ಎಲೆಯ ಬೆಲೆ ಇಳಿಸುವುದರಿಂದ ಅಂಗಡಿಯವನಿಗೆ ಬರುವ ಲಾಭವಿಲ್ಲ. ಕೂಡಿಡಬಹುದಾದ ಗುಣವೊಂದರಿಂದಲೇ ಹಬ್ಬದ ಬೆಲೆ ಇಳಿಯುವುದಿಲ್ಲ. ಬುಟ್ಟಿಯಿಂದ ಲಾಭ ಪಡೆಯುವ ಅಂಗಡಿಯೂ ಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ. ಎಲೆಗೂ ತಟ್ಟೆಗೂ ಇರುವ ಭೇದ ವಸ್ತುವಿನ ಭೇದಕ್ಕಿಂತ ಮಿಗಿಲಾಗಿ ಅಂಗಡಿಯ ಭೇದ.

ಇಂಥ ಅಂಗಡಿ ನಮ್ಮ ದೇಶಕ್ಕೆ ಬಂದುದು ತಡವಾಗಿ. ೨೦೦೧ರಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ತೆರೆದ ಬಿಗ್ ಬಜಾರ್ ಮಳಿಗೆಗಳು ೨೦೦೬ರ ಜನವರಿ ೨೬ರ ಗಣರಾಜ್ಯದಿನವನ್ನು ವರ್ಷದ ಅತ್ಯಂತ ಅಗ್ಗದ ದಿನವೆಂದು ಸಾರಿ ಮಾರಾಟ ನಡೆಸಿದುವು. ಮೆರವಣಿಗೆಯ ರಾಷ್ಟ್ರೀಯ ದಿನ ಇಲ್ಲಿಯೂ ಇಳಿಬೆಲೆಯ ದಿನವಾಯಿತು. ಆ ಮಳಿಗೆಗಳು ೨೦೨೨ರಲ್ಲಿ ಮುಚ್ಚಿದರೂ ವಾಡಿಕೆ ಉಳಿದಿದೆ. ನಮ್ಮಲ್ಲಿ ಇನ್ನೊಂದು ವಿಶೇಷವೂ ಉಂಟು. ೧೯೯೦ರ ತಿದ್ದುಪಡಿಯ ಬಳಿಕ ಪೊಟ್ಟಣದ ಸರಕಿನ ಮೇಲೆ ತೆರಿಗೆಗಳೆಲ್ಲ ಸೇರಿದ ಗರಿಷ್ಠ ಮಾರಾಟಬೆಲೆಯನ್ನು ಅಚ್ಚುಹಾಕಬೇಕಾಗಿದೆ. ಪೊಟ್ಟಣದ ಕಾಗದದ ತಟ್ಟೆಗೆ ಹೀಗೆ ಒಂದು ಮಾಳಿಗೆ ಇದೆ. ಹಬ್ಬದಲ್ಲಿ ಅದರ ಬೆಲೆ ಕೆಳಗೆ ಇಳಿಯಬಹುದು, ಅಚ್ಚಿನ ಮೇಲಕ್ಕೆ ಏರಲಾಗದು. ಬಿಡಿಯಾಗಿ ಮಾರುವ ಬಾಳೆ ಎಲೆಗೆ ಆ ಮಾಳಿಗೆಯಿಲ್ಲ. ಒಂದೇ ಹಬ್ಬದ ಮುನ್ನಾದಿನ ಒಂದೇ ಬೀದಿಯಲ್ಲಿ ಎಲೆ ತುಟ್ಟಿಯಾಗುವುದನ್ನೂ ತಟ್ಟೆ ಅಗ್ಗವಾಗುವುದನ್ನೂ ಈಗ ನಾವು ಜೊತೆಯಾಗಿ ಕಾಣಬಹುದು. ಅವೆರಡರ ನಡುವೆ ಗೃಹಸ್ಥನು ಯಾವುದನ್ನು ಆರಿಸುವನೆಂಬುದು ಊಹಿಸಲು ಕಷ್ಟವಲ್ಲ.

೬. ಬೆಲೆಯಲ್ಲಿ ಸೇರದ ವೆಚ್ಚ

ಹಾಗಾದರೆ ಅಗ್ಗವಾದುದರಿಂದ ಗಿರಾಕಿಗೆ ಲಾಭವೇ ಅಲ್ಲವೆ ಎಂದು ಕೇಳಬಹುದು. ಆ ವಾರದ ಆ ತಟ್ಟೆಯ ಮಟ್ಟಿಗೆ ಲಾಭವೇ. ಆದರೆ ತಟ್ಟೆಯಲ್ಲಿ ಬಿಟ್ಟ ಹಣವನ್ನು ಬುಟ್ಟಿಯ ಇತರ ಸರಕುಗಳು ತೆರುತ್ತವೆ. ತೆರದಿದ್ದ ಸಣ್ಣ ಅಂಗಡಿ ಬಾಗಿಲು ಮುಚ್ಚುತ್ತದೆ. ಮೂರನೆಯದಾಗಿ, ಉಂಡ ಮೇಲಿನ ವೆಚ್ಚವೊಂದುಂಟು. ಅದು ಯಾವ ಬೆಲೆಚೀಟಿಯಲ್ಲಿಯೂ ಇಲ್ಲ.

ಎಂಜಲೆಲೆಯನ್ನು ಹಸು ತಿನ್ನುತ್ತಿದ್ದಿತು. ಉಳಿದುದು ತಿಪ್ಪೆಗೆ ಸ್ವಲ್ಪ ಕಾಲದಲ್ಲಿ ಗೊಬ್ಬರವಾಗುತ್ತಿದ್ದಿತು. ಎಸೆದ ಮೇಲೂ ಅದಕ್ಕೊಂದು ಸ್ಥಾನವಿದ್ದಿತು. ಪ್ಲಾಸ್ಟಿಕ್ಕಿನ ತೆಳುಪದರ ಹಚ್ಚಿದ ಕಾಗದದ ಲೋಟವನ್ನು ಮತ್ತೆ ಕಾಗದ ಮಾಡುವುದು ಕಷ್ಟ; ಪಾಲಿಸ್ಟೈರೀನ್ ನೊರೆ ಮಣ್ಣಿನಲ್ಲಿ ಕರಗದು. ೧೯೫೬ರಲ್ಲಿ ಅಮೆರಿಕದ ಪೊಟ್ಟಣ ಉದ್ಯಮದ ಪತ್ರಿಕೆಯೊಂದರ ಸಂಪಾದಕ ಲಾಯ್ಡ್ ಸ್ಟೌಫರ್ ಪ್ಲಾಸ್ಟಿಕ್ ತಯಾರಕರ ಸಭೆಯಲ್ಲಿ, ಈ ಉದ್ಯಮದ ಭವಿಷ್ಯ ಕಸದ ಬುಟ್ಟಿಯಲ್ಲಿದೆ ಎಂಬ ಅರ್ಥದ ಮಾತನ್ನಾಡಿದನು. ಬಾಳುವ ವಸ್ತುವನ್ನು ಒಮ್ಮೆ ಮಾರಬಹುದು, ಎಸೆಯುವ ವಸ್ತುವನ್ನು ಮತ್ತೆ ಮತ್ತೆ ಮಾರಬಹುದು ಎಂಬುದೇ ಅದರ ಹುರುಳು. ಆದರೆ ಆ ಕಸದ ಬುಟ್ಟಿಯನ್ನು ಬರಿದುಮಾಡುವ ಖರ್ಚು ಉದ್ಯಮದ ಲೆಕ್ಕದಲ್ಲಿ ಬಾರದೆ ನಗರಸಭೆಯ ಲೆಕ್ಕಕ್ಕೆ ಹೋಯಿತು. ಅಷ್ಟೇ ಅಲ್ಲ, ಕಸವನ್ನು ಸುರಿದ ಊರಿನವರ ಪಾಲಿಗೂ ಹೋಯಿತು. ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಜನರು ಹೋರಾಡಿ ೨೦೧೪ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಗರದಲ್ಲಿ ಹಬ್ಬದ ಊಟ ಅಗ್ಗವಾಗಿ ಮುಗಿದುದರ ಬೆಲೆಯಲ್ಲಿ ಒಂದಂಶವನ್ನು ಆ ಊಟಕ್ಕೆ ಬಾರದವರು ತೆತ್ತರು.

ಈಚಿನ ಶಾಸನಗಳನ್ನು ಈ ಹಿನ್ನೆಲೆಯಲ್ಲಿ ಓದತಕ್ಕದ್ದು. ಕರ್ನಾಟಕ ಸರ್ಕಾರ ೨೦೧೬ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಒಕ್ಕೂಟ ಸರ್ಕಾರದ ನಿಷೇಧ ೨೦೨೨ರ ಜುಲೈ ೧ರಿಂದ ಜಾರಿಗೆ ಬಂದಿತು. ಅಮೆರಿಕದಲ್ಲಿ ನ್ಯೂಯಾರ್ಕ್ ನಗರ ೨೦೧೯ರಲ್ಲಿಯೂ ಮೇರಿಲೆಂಡ್ ಸಂಸ್ಥಾನ ೨೦೨೦ರಲ್ಲಿಯೂ ನೊರೆಯ ಪಾತ್ರೆಗಳನ್ನು ತಡೆದುವು. ೧೯೦೯ರಲ್ಲಿ ಸಾಮಾನ್ಯ ಲೋಟವನ್ನು ನಿಷೇಧಿಸಿ ಎಸೆಯುವ ಲೋಟವನ್ನು ಎತ್ತಿಹಿಡಿದುದೂ ಕಾನೂನೇ. ನೂರು ವರ್ಷಗಳ ಬಳಿಕ ಎಸೆಯುವ ಲೋಟಗಳಲ್ಲಿ ಕೆಲವನ್ನು ನಿಷೇಧಿಸಿದುದೂ ಕಾನೂನೇ. ಮೊದಲನೆಯ ಸಂದರ್ಭದಲ್ಲಿ ಸಾರ್ವಜನಿಕ ಆರೋಗ್ಯವೂ ಎರಡನೆಯದರಲ್ಲಿ ಮುಖ್ಯವಾಗಿ ಪರಿಸರದ ರಕ್ಷಣೆಯೂ ಕಾರಣವಾಗಿ ಉಲ್ಲೇಖಿತವಾಗಿವೆ. ಆದರೆ ಈ ನಿಷೇಧಗಳು ವಸ್ತುವನ್ನು ಮುಟ್ಟಿದುವೇ ಹೊರತು ಬೆಲೆಯ ಪದ್ಧತಿಯನ್ನು ಮುಟ್ಟಲಿಲ್ಲ. ಪ್ಲಾಸ್ಟಿಕ್ ತಟ್ಟೆ ಹೋದ ಜಾಗಕ್ಕೆ ಬೇರೊಂದು ತಟ್ಟೆ ಬಂದು, ಹಬ್ಬದ ವಾರದಲ್ಲಿ ಅದೂ ಸೆಳೆಸರಕಾಗಬಹುದು.

ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅಂಶಗಳು ವಿದಿತವಾಗುತ್ತವೆ. ಒಂದನೆಯದು, ಒಂದೇ ಬಳಕೆಯ ಪಾತ್ರೆಯನ್ನು ಸಮಾಜವು ಮೊದಲು ಅಂಗೀಕರಿಸಿದುದು ಬೆಲೆಗಾಗಿ ಅಲ್ಲ. ನಮ್ಮಲ್ಲಿ ಎಂಜಲಿನ ಭಾವನೆ, ಅಮೆರಿಕದಲ್ಲಿ ಕ್ರಿಮಿಯ ಭಯ ಅದಕ್ಕೆ ದಾರಿಮಾಡಿದುವು. ಎರಡನೆಯದು, ಹಬ್ಬದ ಇಳಿಬೆಲೆ ಆ ಪಾತ್ರೆಯ ಗುಣವಲ್ಲ. ೧೯೧೬ರಿಂದ ೧೯೩೭ರವರೆಗೆ ರೂಪುಗೊಂಡ ಅಂಗಡಿಯೊಂದರ ಗುಣ. ಮೂರನೆಯದು, ಅಗ್ಗದ ಬೆಲೆ ಅಲ್ಪ ವೆಚ್ಚದ ಸಾಕ್ಷ್ಯವಲ್ಲ.

ಈ ಮೂರನೆಯ ಅಂಶವನ್ನು ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶಾಸನದ ಕಲ್ಲಿನಲ್ಲಿಯಾಗಲಿ ವರ್ತಕನ ಕಡತದಲ್ಲಿಯಾಗಲಿ ಬೆಲೆಯೊಂದು ಕಂಡಾಗ, ಅದನ್ನು ಯಾರು ತೆತ್ತರು ಎಂದು ಮಾತ್ರ ಕೇಳಿದರೆ ಸಾಲದು. ಅದರಲ್ಲಿ ಸೇರದೆ ಉಳಿದುದನ್ನು ಯಾರು ತೆತ್ತರು ಎಂಬುದನ್ನೂ ಕೇಳಬೇಕು. ಹಬ್ಬದ ಮುನ್ನಾದಿನ ತುಟ್ಟಿಯಾದ ಬಾಳೆ ಎಲೆಯ ಬೆಲೆ ತೋಟಗಾರ, ಗಾಡಿಯವ, ಮಾರುವವಳು ಇವರ ನಡುವೆ ಹಂಚಿಹೋಗುತ್ತದೆ. ಉಂಡ ಮೇಲೆ ಆ ಲೆಕ್ಕ ಬಹುಮಟ್ಟಿಗೆ ಮುಗಿಯುತ್ತದೆ. ಅಗ್ಗವಾದ ತಟ್ಟೆಯ ಲೆಕ್ಕ ಉಂಡ ಮೇಲೆಯೇ ಪ್ರಾರಂಭವಾಗುತ್ತದೆ.